ಬೇರೆಯವರಿಗೆ ಬಿಚ್ಚಲಾಗದ ಪೆಟ್ಟಿಗೆ

"ಬುದ್ಧಿ, ನನಗೆ ಬಿಡುವು ಸಿಗುವುದು ಯಾವಾಗ?" ಎಂದು ಚನ್ನವೀರ ಗುರುಗಳನ್ನು ಕೇಳಿದ. ಮಠದ ಅಡುಗೆಮನೆ ಅವನದು. ಒಲೆ ಹೊತ್ತಿಸುವುದರಿಂದ ಹಿಡಿದು ಕಡೆಯ ಪಾತ್ರೆ ಕವುಚುವವರೆಗೆ ಎಲ್ಲಕ್ಕೂ ಅವನೇ ಆಗಬೇಕು; ಬೇರೆಯವರ ಕೆಲಸ ಅವನಿಗೆ ಸರಿಬರುವುದಿಲ್ಲ. ಧ್ಯಾನಕ್ಕೆಂದು ಮಠ ಸೇರಿದವನು ಧ್ಯಾನಕ್ಕೆ ಕೂತು ಎಷ್ಟೋ ಕಾಲವಾಗಿತ್ತು. "ನಾನಿಲ್ಲದೆ ಅಲ್ಲಿ ಒಂದು ಹುಲ್ಲುಕಡ್ಡಿಯೂ ಅಲ್ಲಾಡುವುದಿಲ್ಲ. ಸಾಕಾಗಿಹೋಗಿದೆ."

ಗುರುಗಳು ಗೋಡೆಗೆ ಒರಗಿಕೊಂಡು ಒಂದು ಕತೆ ಹೇಳಿದರು.

ಕಂಪ್ಯೂಟರೆಂದರೆ ಕೋಣೆ ತುಂಬ ನಿಲ್ಲುವ ಯಂತ್ರವೆಂದು ಜನ ತಿಳಿದಿದ್ದ ಕಾಲದಲ್ಲಿ ಒಬ್ಬ ಯಂತ್ರಗಾರನಿದ್ದ. ಮನೆಯ ಮೇಜಿನ ಮೇಲೆ ಕೂರುವಂಥ ಪುಟ್ಟ ಕಂಪ್ಯೂಟರನ್ನು ಮೊದಲು ಮಾಡಿದವನು ಅವನೇ. ದೊಡ್ಡ ಕಂಪನಿಯವರು ಆಟಿಕೆ ಎಂದು ನಕ್ಕರು. ಜನ ಮಾತ್ರ ಮುಗಿಬಿದ್ದು ಕೊಂಡರು. ಅವನ ತಲೆಯಲ್ಲಿ ಆಗಲೇ ಎರಡನೆಯ ಯಂತ್ರವೊಂದಿತ್ತು, ಇದಕ್ಕಿಂತ ಎಷ್ಟೋ ಮೇಲಾದದ್ದು. ಅದನ್ನು ಮಾಡಿ ಮುಗಿಸಬೇಕೆಂಬುದೊಂದೇ ಅವನ ಆಸೆ.

ಆದರೆ ಅವನಿಗೊಂದು ಭಯ. ಕಂಡಕಂಡವರು ಯಂತ್ರದ ಪೆಟ್ಟಿಗೆ ಬಿಚ್ಚಿ ಕೈಯಾಡಿಸಿದರೆ ಹೆಸರು ಕೆಡುವುದು ತನ್ನದಲ್ಲವೇ? ಅದಕ್ಕೇ ಯಾವ ಅಂಗಡಿಯಲ್ಲೂ ಸಿಗದಂಥ ಸ್ಕ್ರೂ ಮಾಡಿಸಿ ಬಿಗಿದ. ಅದನ್ನು ಬಿಚ್ಚುವ ಸ್ಕ್ರೂಡ್ರೈವರ್ ಒಂದೇ ಇತ್ತು, ಅವನ ಜೇಬಿನಲ್ಲಿ. ತನ್ನ ಕೆಲಸಗಾರರ ಕೈಗೂ ಕೊಡಲಿಲ್ಲ. ಎಂಥ ಉಪಾಯ ಹೂಡಿದೆ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡ.

ಯಂತ್ರವೆಂದ ಮೇಲೆ ಧೂಳು ಕೂರುತ್ತದೆ, ತಂತಿ ಸಡಿಲವಾಗುತ್ತದೆ. ಪ್ರತಿಯೊಂದೂ ಅವನ ಬಾಗಿಲಿಗೇ ಬಂತು. ಉಣ್ಣಲು ಕೂತರೆ ಒಬ್ಬ, ಎದ್ದರೆ ಇನ್ನೊಬ್ಬ. ಬಿಚ್ಚಿದ, ಒರೆಸಿದ, ಬಿಗಿದ. ಕೂದಲು ನೆರೆಯಿತು, ಕಣ್ಣು ಮಂಜಾಯಿತು. ಎರಡನೆಯ ಯಂತ್ರ ತಲೆಯಲ್ಲೇ ಉಳಿಯಿತು. ಜನ ತನ್ನನ್ನು ಹಿಂಡಿ ಹಿಪ್ಪೆ ಮಾಡುತ್ತಿದ್ದಾರೆಂದು ಅವನು ಕೊರಗಿದ.

ಟೈಪಿಂಗ್ ಶಾಲೆ ನಡೆಸುತ್ತಿದ್ದ ಹೆಂಗಸೊಬ್ಬಳು ಒಮ್ಮೆ ತನ್ನ ಯಂತ್ರ ಹೊತ್ತು ತಂದಳು. "ಸ್ವಾಮಿ, ಆ ಸ್ಕ್ರೂಡ್ರೈವರಿನಂಥದ್ದೇ ಒಂದು ನನಗೂ ಮಾಡಿಸಿಕೊಡಿ. ಧೂಳು ನಾನೇ ಒರೆಸಿಕೊಳ್ಳುತ್ತೇನೆ. ನಿಮಗೂ ಸುಸ್ತು, ನನಗೂ ಸುಸ್ತು."

"ನೀವು ಮುಟ್ಟಿದರೆ ಕೆಡುತ್ತದಮ್ಮ."

"ಕೆಟ್ಟಿದೆ ಅಂತಲೇ ಅಲ್ಲವೇ ಹೊತ್ತು ತಂದದ್ದು?"

ಅವನು ಕೊಡಲಿಲ್ಲ. ಪಕ್ಕದ ಬೀದಿಯಲ್ಲಿ ಬೇರೊಬ್ಬ ಇನ್ನೊಂದು ಬಗೆಯ ಕಂಪ್ಯೂಟರ್ ಮಾರತೊಡಗಿದ್ದ. ಅದು ಇದಕ್ಕಿಂತ ಕಳಪೆ. ಆದರೆ ರೇಡಿಯೊ ರಿಪೇರಿಯವನೂ ಅದನ್ನು ಬಿಚ್ಚಿ ಸರಿಮಾಡಬಹುದಿತ್ತು. ಆಕೆ ಅದನ್ನು ಕೊಂಡಳು. ಊರೂ ಅದನ್ನೇ ಕೊಂಡಿತು.

ಯಂತ್ರಗಾರನ ಬಾಗಿಲಿಗೆ ಬರುವವರು ನಿಂತರು. ಬಯಸಿದ ಬಿಡುವು ಕೊನೆಗೂ ಸಿಕ್ಕಿತು. ಎರಡನೆಯ ಯಂತ್ರದ ನಕ್ಷೆ ಬರೆಯಲು ಕಾಗದ ಹಾಸಿಕೊಂಡು ಕೂತ. ಕೈ ಒಂದು ಚೌಕ ಎಳೆದು, ನಾಲ್ಕು ಮೂಲೆಗೂ ಸ್ಕ್ರೂ ಗುರುತು ಹಾಕಿತು. ಒಳಗೆ ಏನಿರಬೇಕೆಂಬುದು ಎಷ್ಟು ಹೊತ್ತು ಕೂತರೂ ನೆನಪಾಗಲಿಲ್ಲ. ಅವನು ಅತ್ತುಬಿಟ್ಟ.

ಚನ್ನವೀರ ನಿಟ್ಟುಸಿರಿಟ್ಟ. "ಪಾಪ. ಜನ ಅವನಿಗೆ ಒಂದಿಷ್ಟು ಮೊದಲೇ ಬಿಡುವು ಕೊಡಬಹುದಿತ್ತು, ಬುದ್ಧಿ."

"ನಾಳೆ ನೀನು ಅಡುಗೆಮನೆಗೆ ಹೋಗಬೇಡ," ಎಂದರು ಗುರುಗಳು, "ಉಪ್ಪು ಹೆಚ್ಚಾದರೂ ನಾವು ಉಣ್ಣುತ್ತೇವೆ."