ಜಿಂಕೆಗೆ ಯಾವ ಗುಂಡು

"ಅಜ್ಜಾರ, ತಪ್ಪು ಮಾಡಿದವಗ ಎಷ್ಟು ಬಿರುಸು ಮಾತು ಹೇಳಬೇಕ್ರಿ?"

ಕೇಳಿದವನು ಪಂಪಾಪತಿ. ಊರಿನ ಮಗ್ಗವನ್ನು ತಮ್ಮನ ಕೈಗೆ ಬಿಟ್ಟು ಮಠಕ್ಕೆ ಬಂದು ಎರಡು ವರ್ಷವಾಗಿತ್ತು. ಆಮೇಲೆ ಒಮ್ಮೆಯೂ ಊರಿಗೆ ಹೋಗಿರಲಿಲ್ಲ. ಆ ಮಠದ ಗುರುಗಳನ್ನು ಎಲ್ಲರೂ ಅಜ್ಜಾರು ಎಂದೇ ಕರೆಯುತ್ತಿದ್ದರು. ಕೇಳಿದ ಕೂಡಲೇ ಉತ್ತರ ಕೊಡುವವರಲ್ಲ ಅವರು. ಯಾರ ತಪ್ಪು, ಎಂಥ ತಪ್ಪು ಎಂದು ವಿಚಾರಿಸಿದರು.

ಪಂಪಾಪತಿ ಹೇಳಿದ. ತಮ್ಮ ತಿಪ್ಪೇಶ ಕುಡಿತಕ್ಕೆ ಬಿದ್ದಿದ್ದಾನಂತೆ. ಮಗ್ಗ ನಿಂತಿದೆಯಂತೆ. ಅರ್ಧ ನೇಯ್ದ ಸೀರೆ ಹಾಗೆಯೇ ಧೂಳು ತಿನ್ನುತ್ತಿದೆಯಂತೆ. ಊರಿನ ಹಿರಿಯರು ಹೇಳಿ ಹೇಳಿ ಸಾಕಾಗಿ, ಕೊನೆಯ ಮಾತು ಅಣ್ಣನೇ ಹೇಳಲಿ ಎಂದು ಆಳು ಕಳಿಸಿದ್ದಾರೆ. ನಾಳೆ ಬೆಳಿಗ್ಗೆ ಊರ ಕಟ್ಟೆಯ ಮೇಲೆ ಎಲ್ಲರ ಎದುರು ಹೇಳಬೇಕು. ಮೆತ್ತಗೆ ಹೇಳಿದರೆ ತಿಪ್ಪೇಶ ನಕ್ಕು ಎದ್ದುಹೋಗುತ್ತಾನೆ. ಬಿರುಸಾಗಿ ಹೇಳಿದರೆ ಊರನ್ನೇ ಬಿಟ್ಟುಹೋಗುತ್ತಾನೆ. ಅಂಥ ಹಟಮಾರಿ ಅವನು. ಹೋದರೆ ಮತ್ತೆ ಸಿಗುವುದಿಲ್ಲ. ಪಂಪಾಪತಿಗೆ ಒಡಹುಟ್ಟಿದವನೆಂದು ಇರುವವನು ಅವನೊಬ್ಬನೇ.

"ಮಠದಾಗ ಎಲ್ಲಾರನ್ನೂ ಕೇಳೀನ್ರಿ. ಒಬ್ಬರು ಚಾಟಿಲೆ ಹೊಡದಂಗ ಹೇಳು ಅಂತಾರ. ಇನ್ನೊಬ್ಬರು ಬೆಣ್ಣಿಯಾಗಿನ ಕೂದಲಾ ತಗದಂಗ ಹೇಳು ಅಂತಾರ. ತಲಿ ಚಿಟ್ಟು ಹಿಡದೈತ್ರಿ."

"ಹಂಗಾದ್ರ ಒಂದು ಬೇಟೆ ಕತಿ ಕೇಳು" ಎಂದರು ಅಜ್ಜಾರು.

ಮಾಂಸದ ಹೆಸರೆತ್ತಿದರೆ ಬಾಯಿ ಮುಕ್ಕಳಿಸುವ ಮಠದಲ್ಲಿ ಬೇಟೆಯ ಕತೆ! ಸುತ್ತ ಕೂತಿದ್ದ ಶಿಷ್ಯರು ಮುಖ ಮುಖ ನೋಡಿಕೊಂಡರು. ಅಜ್ಜಾರು ಕಂಡೂ ಕಾಣದವರಂತೆ ಶುರು ಮಾಡಿದರು.

ಒಬ್ಬ ರೈತನಿದ್ದ. ಬೇಟೆಗೆ ಸರ್ಕಾರದ ತಡೆಯಿಲ್ಲದ ಕಾಲ ಅದು. ಅವನ ಕಡಲೆ ಹೊಲಕ್ಕೆ ದಿನಾ ನಸುಕಿನಲ್ಲಿ ಒಂದು ಜಿಂಕೆ ಬರುತ್ತಿತ್ತು. ಜಿಂಕೆಗಳು ಹಿಂಡಾಗಿ ಬರುತ್ತವೆ, ಮೇಯುತ್ತವೆ, ಕೂಗಿದರೆ ಹಾರಿ ಹೋಗುತ್ತವೆ. ಅದು ಎಲ್ಲರ ಹೊಲದಲ್ಲೂ ಇದ್ದದ್ದೇ. ಇದು ಹಾಗಲ್ಲ, ಒಂಟಿ. ಕೂಗಿದರೆ ನಾಲ್ಕು ಹೆಜ್ಜೆ ಸರಿದು ನಿಲ್ಲುತ್ತಿತ್ತು. ಕಲ್ಲು ಬೀಸಿದರೆ ತಲೆಯೆತ್ತಿ ನೋಡುತ್ತಿತ್ತು. ಮರುದಿನ ಮತ್ತೆ ಅದೇ ಹೊಲಕ್ಕೆ ಹಾಜರು. ಇದು ತನ್ನನ್ನು ಅಣಕಿಸಲೆಂದೇ ಬರುತ್ತದೆ ಎಂದು ರೈತನಿಗೆ ಅನ್ನಿಸತೊಡಗಿತು. ಕೊಂದೇ ತೀರುತ್ತೇನೆ ಎಂದು ಹಲ್ಲು ಕಡಿದ.

ಆದರೆ ಅವನು ಕೆಟ್ಟವನೇನೂ ಅಲ್ಲ. ಕೊಂದರೆ ಒಂದೇ ಏಟಿಗೆ ಕೊಲ್ಲಬೇಕು, ಮೂಕಪ್ರಾಣಿಯನ್ನು ನರಳಿಸಬಾರದು ಎಂದುಕೊಂಡ. ಅವನ ಪಾಡು ಶುರುವಾದದ್ದೇ ಅಲ್ಲಿಂದ.

ಪೇಟೆಗೆ ಹೋಗಿ ಬಂದೂಕಿನ ಅಂಗಡಿಯವನನ್ನು ಕೇಳಿದ. ಅವನು ಸಣ್ಣ ನಳಿಗೆಯ ರೈಫಲ್ ತೋರಿಸಿದ. ಗುಂಡು ಸಣ್ಣದಾದಷ್ಟೂ ಓಟ ಹೆಚ್ಚು, ದೂರಕ್ಕೂ ನೂಲು ಹಿಡಿದಂತೆ ನೇರ ಹೋಗುತ್ತದೆ, ಭುಜಕ್ಕೆ ಒದೆಯುವುದಿಲ್ಲ ಎಂದ. ರೈತನಿಗೆ ಹೌದೆನಿಸಿತು. ಅಂಗಡಿಯ ಮೆಟ್ಟಿಲಲ್ಲಿ ಕೂತಿದ್ದ ಒಬ್ಬ ನಿವೃತ್ತ ಸಿಪಾಯಿ ಇದನ್ನು ಕೇಳಿ ತಲೆ ಚಚ್ಚಿಕೊಂಡ. ಸಣ್ಣ ಗುಂಡು ತಗುಲಿದ ಜಿಂಕೆ ಬೀಳುವುದಿಲ್ಲ, ಗಾಯ ಹೊತ್ತು ಓಡಿ ಎಲ್ಲೋ ಪೊದೆಯಲ್ಲಿ ನರಳಿ ಸಾಯುತ್ತದೆ, ದೊಡ್ಡ ನಳಿಗೆಯದನ್ನೇ ಕೊಳ್ಳಬೇಕು ಎಂದ. ರೈತನಿಗೆ ಇದೂ ಹೌದೆನಿಸಿತು. ಸಣ್ಣದನ್ನು ಭುಜಕ್ಕಿಟ್ಟು ನೋಡಿದ. ದೊಡ್ಡದನ್ನು ಭುಜಕ್ಕಿಟ್ಟು ನೋಡಿದ. ಕೊನೆಗೆ ಇಬ್ಬರಿಗೂ ಬೇಜಾರಾಗದಿರಲಿ ಎಂದು ನಡುವಿನ ಅಳತೆಯದೊಂದನ್ನು ಕೊಂಡ. ಇಬ್ಬರಿಗೂ ಬೇಜಾರಾಯಿತು.

ಅಲ್ಲಿಗಾದರೂ ಮುಗಿಯಿತೆ? ಆ ಒಂದೇ ನಳಿಗೆಗೆ ಮೂರು ಬಗೆಯ ಗುಂಡುಗಳಿದ್ದವು. ಒಂದು ಹಗುರವಾದ ಚೂಪು ಗುಂಡು. ಒಂದು ಮೈತುಂಬ ತಾಮ್ರ ಹೊದಿಸಿದ ಭಾರದ ಗುಂಡು. ಮತ್ತೊಂದಕ್ಕೆ ಮೂತಿಯಲ್ಲಿ ತಾಮ್ರ ಹೊದಿಸದೆ ಮೆತ್ತನೆಯ ಸೀಸವನ್ನು ಹಾಗೇ ಬಿಟ್ಟಿದ್ದರು. ಅಂಗಡಿಯವನು ಚೂಪಿನದನ್ನು ಹೊಗಳಿದ, ಸಿಪಾಯಿ ತಾಮ್ರದ್ದನ್ನು. ಯಾವುದಕ್ಕೂ ಇರಲಿ ಎಂದು ರೈತ ಮೂರನ್ನೂ ಕಟ್ಟಿಸಿಕೊಂಡ.

ದಾರಿಯಲ್ಲಿ ಒಬ್ಬ ಬೇಟೆಗಾರ ಸಿಕ್ಕ. ಅವನು ಪೊಟ್ಟಣ ಬಿಚ್ಚಿಸಿ ನೋಡಿ ಅಂಗಡಿಯವನನ್ನೂ ಸಿಪಾಯಿಯನ್ನೂ ಬಾಯಿಗೆ ಬಂದಂತೆ ಬೈದ. ಚೂಪಿನದು ಎಲುಬಿಗೆ ಬಡಿದರೆ ಮೇಲೆಯೇ ಚೂರಾಗುತ್ತದೆ. ತಾಮ್ರದ್ದು ಜಿಂಕೆಯ ಮೈ ತೂರಿ ಆಚೆ ಹೊಲದವರ ಮೈಗೆ ಹೋಗುತ್ತದೆ. ಸೀಸದ್ದು ಒಳಹೊಕ್ಕು ಅರಳುತ್ತದೆ, ಜಿಂಕೆಗೆ ಅದೇ ಸರಿ ಎಂದ. ಅಬ್ಬಾ, ಗೊತ್ತಾಯಿತು ಎಂದು ರೈತ ನಿಟ್ಟುಸಿರು ಬಿಟ್ಟ. ಅಷ್ಟರಲ್ಲಿ ಬೇಟೆಗಾರ ಇನ್ನೊಂದು ಮಾತು ಸೇರಿಸಿದ. ಸೀಸದ್ದಕ್ಕೆ ನಡುವೆ ಗಿಡದ ದಂಟು ಅಡ್ಡ ಬಂದರೆ ಗುರಿ ಕೆಡುತ್ತದೆ, ನೋಡಿಕೋ ಎಂದ. ರೈತನ ಹೊಲದಲ್ಲಿ ಕಡಲೆಯ ನಡುನಡುವೆ ಕುಸುಬೆಯ ಸಾಲುಗಳಿದ್ದವು.

ಯಾರೂ ಸುಳ್ಳು ಹೇಳಿರಲಿಲ್ಲ. ರೈತನ ಕಷ್ಟವೇ ಅದು. ಒಬ್ಬನಾದರೂ ಸುಳ್ಳುಗಾರನಾಗಿದ್ದರೆ ಅವನನ್ನು ಬಿಟ್ಟು ಉಳಿದವರ ಮಾತು ಕೇಳಬಹುದಿತ್ತು. ಎಲ್ಲರೂ ನಿಜ ಹೇಳಿ ಅವನನ್ನು ನಡುನೀರಿನಲ್ಲಿ ಕೈಬಿಟ್ಟಿದ್ದರು.

ಮನೆಗೆ ಬಂದು ಮೂರು ಗುಂಡುಗಳನ್ನೂ ನೆಲದ ಮೇಲೆ ಸಾಲಾಗಿ ಇಟ್ಟುಕೊಂಡು ಕೂತ. ಊಟಕ್ಕೆ ಕರೆದರೆ ಏಳಲಿಲ್ಲ. ಹೆಂಡತಿ ಬಂದು ನೋಡಿದಳು.

"ಮಗಳಿಗೆ ಗಂಡು ನೋಡೂಮುಂದ ಇಷ್ಟು ಯೋಚನಿ ಮಾಡಲಿಲ್ಲ ನೀವು. ಯಾವುದರ ಒಂದು ಹಾಕ್ರಿ, ಮುಗೀತು."

"ಯಾವುದರ ಒಂದು ಅಂದ್ರ ಯಾವುದು?" ಎಂದು ಕೇಳಿದ ರೈತ.

ಅವಳು ಹಣೆ ಬಡಿದುಕೊಂಡು ಒಳಗೆ ಹೋದಳು.

ಮರುದಿನ ನಸುಕಿಗೆ ಮೂರು ಗುಂಡುಗಳನ್ನೂ ಅಂಗಿಯ ಜೇಬಿಗೆ ಹಾಕಿಕೊಂಡು ಹೊಲಕ್ಕೆ ಹೋದ. ಜಿಂಕೆ ಹೊಲದ ಆ ಕೊನೆಯಲ್ಲಿ ಮೇಯುತ್ತಿತ್ತು. ಈ ಕೊನೆಯ ಬನ್ನಿಮರದ ಕೆಳಗೆ ನಿಂತು ಚೂಪಿನ ಗುಂಡು ತುಂಬಿದ. ಗುರಿ ಹಿಡಿದ. ಗಾಯವಾಗಿ ಓಡಿದರೆ? ತೆಗೆದ. ತಾಮ್ರದ್ದು ತುಂಬಿದ. ಆಚೆ ಹೊಲದಲ್ಲಿ ಯಾರಾದರೂ ಬಂದಿದ್ದರೆ? ತೆಗೆದ. ಸೀಸದ್ದು ತುಂಬಿದ. ನಡುವೆ ಕುಸುಬೆ ಸಾಲು. ಅದನ್ನೂ ತೆಗೆದ. ತಿರುಗಿ ಚೂಪಿನದನ್ನು ಕೈಗೆತ್ತಿಕೊಂಡ. ತಾನು ಮಾಡುತ್ತಿರುವುದು ಏನೆಂದು ಅವನಿಗೇ ತಿಳಿಯದಾಯಿತು.

ಆಗ ಒಂದು ಯೋಚನೆ ಬಂತು. ಯಾವ ಗುಂಡೆಂದು ತನಗೆ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ. ಹತ್ತಿರ ಹೋಗಿಬಿಟ್ಟರೆ ಯಾವ ಗುಂಡಾದರೂ ನಡೆದೀತು. ಗುಂಡನ್ನು ಜೇಬಿಗೆ ಹಾಕಿ, ಬಗ್ಗಿಕೊಂಡು ಗಾಳಿಗೆ ಎದುರಾಗಿ ಹೊರಟ. ಕಡಲೆ ಎಲೆಯ ಹುಳಿ ಕಾಲಿಗೆ ತಾಗಿ ಚುರುಗುಟ್ಟಿತು. ಸ್ವಲ್ಪ ದೂರ ಹೋಗಿ ನಿಂತ. ಇಷ್ಟು ಸಾಕೋ ಸಾಲದೋ ತಿಳಿಯಲಿಲ್ಲ. ಇನ್ನೂ ಮುಂದೆ ಹೋದ. ಅಲ್ಲಿಯೂ ತಿಳಿಯಲಿಲ್ಲ. ತಿಳಿದವನಾಗಿದ್ದರೆ ಬನ್ನಿಮರದ ಕೆಳಗಿನಿಂದಲೇ ಹೊಡೆದು ಮನೆಗೆ ಹೋಗುತ್ತಿದ್ದ. ಏನೂ ತಿಳಿಯದವನಾದ್ದರಿಂದ ನಡೆಯುತ್ತಲೇ ಹೋದ.

ಕೊನೆಗೆ ಜಿಂಕೆಯ ಉಸಿರು ಕೇಳುವಷ್ಟು ಹತ್ತಿರ ಬಂದಿದ್ದ. ಅದು ತಲೆಯೆತ್ತಿ ಅವನನ್ನು ನೋಡಿತು. ನಾಲ್ಕು ಹೆಜ್ಜೆ ಸರಿಯಿತು, ನಿಂತಿತು. ಸರಿಯುವಾಗ ಒಂದು ಮುಂಗಾಲನ್ನು ನೆಲಕ್ಕೆ ಊರಲಿಲ್ಲ. ಆ ಕಾಲಿಗೆ ತಂತಿಯ ಉರುಳು ಬಿಗಿದಿತ್ತು. ಬಿಗಿದು ಎಷ್ಟು ದಿನವಾಗಿತ್ತೋ, ಮಾಂಸ ಉಬ್ಬಿ ತಂತಿ ಅರ್ಧ ಮುಚ್ಚಿಹೋಗಿತ್ತು. ತಂತಿಯ ಇನ್ನೊಂದು ತುದಿಯಲ್ಲಿ ಒಂದು ಮುರಿದ ಗೂಟ ನೆಲದ ಮೇಲೆ ಎಳೆದಾಡುತ್ತಿತ್ತು. ಗೂಟಕ್ಕೆ ಡಾಂಬರು ಬಳಿದಿತ್ತು.

ಗೆದ್ದಲು ಹತ್ತದಿರಲಿ ಎಂದು ಬೇಲಿಯ ಗೂಟಗಳಿಗೆ ಡಾಂಬರು ಬಳಿಯುವವನು ಆ ಸೀಮೆಯಲ್ಲಿ ಅವನೊಬ್ಬನೇ. ಕಾಡುಹಂದಿಗೆಂದು ಬೇಲಿಯ ಸಂದಿಯಲ್ಲಿ ಉರುಳು ಕಟ್ಟಿದವನೂ ಅವನೇ. ಕಟ್ಟಿ ಮರೆತುಬಿಟ್ಟಿದ್ದ.

ಮೂರು ಕಾಲಿನಲ್ಲಿ ಅದು ಹಿಂಡಿನ ಜೊತೆ ಓಡಲಾರದೆ ಹೋಗಿತ್ತು. ಹಿಂಡು ಬಿಟ್ಟುಹೋಗಿತ್ತು. ದೂರ ಹೋಗಲಾಗದೆ ಇದೇ ಹೊಲದಲ್ಲಿ ಬಾಯಿಗೆಟುಕಿದ ಕಡಲೆ ತಿಂದುಕೊಂಡು ಇಷ್ಟು ದಿನ ಉಳಿದಿತ್ತು. ರೈತ ಅಣಕವೆಂದು ತಿಳಿದದ್ದು ಇದನ್ನು.

ಅಷ್ಟು ಹತ್ತಿರದಿಂದ ಯಾವ ಗುಂಡಾದರೂ ನಡೆಯುತ್ತಿತ್ತು. ರೈತನ ಕೈಯಲ್ಲಿ ಬಂದೂಕಿತ್ತು, ಜೇಬಿನಲ್ಲಿ ಮೂರೂ ಗುಂಡುಗಳಿದ್ದವು. ಕೊಲ್ಲುವುದೋ, ಹಿಡಿದು ತಂತಿ ಬಿಚ್ಚುವುದೋ, ಬಿಚ್ಚಲು ಹೋದರೆ ಅದು ಹೆದರಿ ಇನ್ನಷ್ಟು ಹರಿದುಕೊಳ್ಳುವುದೋ, ಒಂದೂ ತಿಳಿಯಲಿಲ್ಲ. ಮನೆಯಿಂದ ಹೊರಟಾಗ ಇದ್ದದ್ದಕ್ಕಿಂತ ದೊಡ್ಡ ಗೊಂದಲ ಅದು. ಅವನಿಗೆ ಅಳು ಬಂತು.

ಅಜ್ಜಾರು ಅಲ್ಲಿಗೆ ನಿಲ್ಲಿಸಿದರು. ಶಿಷ್ಯರು ಕಾದರು. ಒಬ್ಬ ಶಿಷ್ಯನಿಗೆ ತಡೆಯಲಾಗಲಿಲ್ಲ.

"ಕಡೀಕ ಯಾವ ಗುಂಡು ಹಾಕಿದನ್ರಿ ಅಜ್ಜಾರ?"

"ಇಷ್ಟೊತ್ತು ಹೇಳಿದ್ದು ಗೋಡಿಗೆ ಹೇಳಿದಂಗಾತು" ಎಂದು ಅಜ್ಜಾರು ಸಿಡುಕಿದರು.

ಕೇಳಿದವನು ತಲೆ ತಗ್ಗಿಸಿದ. ಆದರೆ ಪಂಪಾಪತಿಯ ಮುಖ ಇನ್ನೂ ಹಾಗೆಯೇ ಇತ್ತು. ಅವನಿಗೆ ಬೆಳಗಾದರೆ ಊರಿಗೆ ಹೋಗಬೇಕಿತ್ತು. ಕಟ್ಟೆಯ ಮೇಲೆ ನಿಂತು ಬಾಯಿ ತೆರೆಯಬೇಕಿತ್ತು. ಅವನು ಕೈ ಮುಗಿದು ಮತ್ತೆ ಅಲ್ಲಿಗೇ ಬಂದ.

"ತಪ್ಪು ತಿಳೀಬ್ಯಾಡ್ರಿ ಅಜ್ಜಾರ. ಹಂಗಾದ್ರ ನಾಳೆ ನಾ ಮೆತ್ತಗ ಹೇಳಲ್ಯೋ, ಬಿರುಸಾಗಿ ಹೇಳಲ್ಯೋ?"

ಅಜ್ಜಾರು ಈ ಸಲ ಸಿಡುಕಲಿಲ್ಲ.

"ನಿನ್ನ ತಮ್ಮ ಯಾಕ ಕುಡೀತಾನ, ಪಂಪಾಪತಿ?"

ಎರಡು ವರ್ಷ ಊರಿನ ಕಡೆ ತಲೆಹಾಕದಿದ್ದ ಪಂಪಾಪತಿ ಎದ್ದು ನಿಂತ. ಬೆಳಗಾಗುವುದನ್ನು ಕಾಯದೆ ತಮ್ಮನ ಮನೆಯ ದಾರಿ ಹಿಡಿದ.