ಅವ್ವ ಕೊಟ್ಟ ಜ್ಯೇಷ್ಠಮಧು

ಶಿಷ್ಯ ಕೇಳಿದ: "ಗುರುಗಳೇ, ಮಠಕ್ಕೆ ಬಂದ ಹೊಸದರಲ್ಲಿ ನಿಮ್ಮ ಒಂದೊಂದು ಮಾತೂ ಎದೆಗೆ ಇಳಿಯುತ್ತಿತ್ತು. ಈಗ ಆ ಮಾತುಗಳನ್ನು ನಾನೇ ಊರೂರಿಗೆ ಹೋಗಿ ಹೇಳುತ್ತೇನೆ. ಜನ ತಲೆದೂಗುತ್ತಾರೆ. ನನಗೆ ಮಾತ್ರ ಏನೂ ರುಚಿಸುವುದಿಲ್ಲ. ಆ ದಿನಗಳು ಇನ್ನು ಬರುವುದಿಲ್ಲವೇ?"

ಗುರು ನಕ್ಕರು. "ಕೂತುಕೋ. ನಿನ್ನಂಥವನೇ ಒಬ್ಬ ಹಾಡುಗಾರನಿದ್ದ" ಎಂದು ಹೇಳತೊಡಗಿದರು.

ಆ ಹಾಡುಗಾರನ ಕಂಠಕ್ಕೆ ಸುತ್ತ ಹತ್ತೂರು ಮರುಳಾಗಿತ್ತು. ಒಂದು ಚಳಿಗಾಲ ಗಂಟಲು ಕಟ್ಟಿತು. ನಾಳೆ ಸರಿಹೋದೀತು ಎಂದುಕೊಂಡ. ಹೋಗಲಿಲ್ಲ. ಬರಬರುತ್ತಾ ದನಿ ಒಡೆದ ತಮಟೆಯಂತಾಯಿತು. ಪಾಪ, ಹೆದರಿದ. ಹಾಡು ಬಿಟ್ಟರೆ ಅವನಿಗೆ ಬೇರೇನೂ ಬರುತ್ತಿರಲಿಲ್ಲ. ಹಾಡೇ ಇಲ್ಲದ ಮೇಲೆ ತಾನಾದರೂ ಯಾರು ಎಂದು ಅವನಿಗೇ ತಿಳಿಯದಾಯಿತು.

ಆಗ ಅವ್ವ ನೆನಪಾದಳು. ಚಿಕ್ಕವನಿದ್ದಾಗ ಒಣಕೆಮ್ಮು ಬಂದರೆ ಅವಳು ಜ್ಯೇಷ್ಠಮಧುವಿನ ಬೇರು ತೆಗೆಯುತ್ತಿದ್ದಳು. ಕಂದು ಸಿಪ್ಪೆ ಹೆರೆದು, ಒಳಗಿನ ಹಳದಿ ಬೇರನ್ನು ಕಿರುಬೆರಳುದ್ದ ಮುರಿದು ಅವನ ದವಡೆಯಲ್ಲಿ ಇಡುತ್ತಿದ್ದಳು. "ಕಡೀಬೇಡ ಕಣೋ, ಚೀಪು" ಎನ್ನುತ್ತಿದ್ದಳು. ಸಿಹಿ ಮೆಲ್ಲಗೆ ಗಂಟಲಿಗೆ ಇಳಿಯುತ್ತಿತ್ತು. ಅವಳು ರಾಗಿ ಬೀಸುತ್ತಾ ಹಾಡುತ್ತಿದ್ದಳು. ಅವ್ವ ತೀರಿಹೋಗಿ ಎಷ್ಟೋ ಕಾಲವಾಗಿತ್ತು. ಆ ಸಿಹಿ ನೆನೆದು ಅವನ ಕಣ್ಣು ತುಂಬಿತು.

ನಾರುಬೇರು ಮಾರುವ ಗ್ರಂಥಿಗೆ ಅಂಗಡಿಗೆ ಓಡಿದ. ಬೇರು ತಂದು ಕುಟ್ಟಿಸಿ ಡಬ್ಬಿ ತುಂಬಿಸಿದ. ಜೇನಿನಲ್ಲಿ ಕಲಸಿ ನೆಕ್ಕಿದ, ಹಾಲಿನಲ್ಲಿ ಕಾಯಿಸಿ ಕುಡಿದ. ಗಳಿಗೆಗೊಮ್ಮೆ ಕಂಠ ಬಂತೇ ಎಂದು ಹಾಡಿ ನೋಡಿದ. ಬಂದವರಿಗೆಲ್ಲ ಬೇರಿನ ಗುಣ ಬಣ್ಣಿಸಿದ. ಕೆಮ್ಮಿಗೆ ಇದೇ, ಎದೆಯುರಿಗೆ ಇದೇ, ಬಾಯಿಹುಣ್ಣಿಗೂ ಇದೇ! ಒಳ್ಳೆಯದು ತಾನೇ ಎಂದು ಇನ್ನಷ್ಟು ತಿಂದ. ಅತಿಯಾದರೆ ಅಮೃತವೂ ವಿಷ. ಕಾಲು ಬಾತುಕೊಂಡಿತು, ಕಂಠ ಬರಲಿಲ್ಲ.

ಸೋತು ಸುಣ್ಣವಾಗಿ ಅಕ್ಕನ ಮನೆಗೆ ಹೋದ. "ಅಕ್ಕಾ, ಈಗಿನ ಬೇರಿನಲ್ಲಿ ಸತ್ವವೇ ಇಲ್ಲ. ಅವ್ವ ಕೊಡುತ್ತಿದ್ದ ಆ ರುಚಿ ಎಲ್ಲಿ ಹೋಯಿತು?" ಎಂದು ಗೊಣಗಿದ.

"ಬೇರು ಅದೇ ಕಣೋ. ಆಗ ಅದು ಬಾಯಲ್ಲಿದ್ದಷ್ಟು ಹೊತ್ತು ನೀನು ತುಟಿಪಿಟಕ್ ಅಂತಿರಲಿಲ್ಲ. ಬಾಯಿ ತೆರೆದರೆ ಅವ್ವ ಬಿಡುತ್ತಿದ್ದಳೇ? ಅವಳ ಪದ ಕೇಳುತ್ತಾ ಕೂತಿರುತ್ತಿದ್ದೆ."

ಅಕ್ಕ ಪುಡಿಯ ಡಬ್ಬಿ ಕಿತ್ತಿಟ್ಟಳು. ಬಾವು ಇಳಿಯುವವರೆಗೆ ಏನೂ ಕೊಡಲಿಲ್ಲ. ಆಮೇಲೆ ಬೇರು ಹೆರೆದು ಒಂದೇ ಒಂದು ತುಂಡು ಅವನ ದವಡೆಗಿಟ್ಟಳು. ಬೀಸುಕಲ್ಲಿನ ಮುಂದೆ ಕೂತು ಅವ್ವನ ಪದ ಎತ್ತಿಕೊಂಡಳು. ಅಬ್ಬಬ್ಬಾ, ಬರೀ ಅಪಸ್ವರ! ತಾಳವೂ ಅಷ್ಟಕ್ಕಷ್ಟೇ. ತಿದ್ದಲು ಅವನ ನಾಲಿಗೆ ತುರಿಸಿತು. ಬಾಯಲ್ಲಿ ಬೇರಿತ್ತು, ತಡೆದುಕೊಂಡ. ಆ ಪದವನ್ನು ಹಾಡಿಯೇ ಅವನು ಹೆಸರು ಮಾಡಿದ್ದ. ಆದರೂ ಅವನು ಮರೆತೇಬಿಟ್ಟಿದ್ದ ಒಂದು ನುಡಿ ಅಕ್ಕನ ಬಾಯಿಂದ ಬಂತು. ಕೆಮ್ಮಿ ಕೆಮ್ಮಿ ದಣಿದ ಮಗ ನಿದ್ದೆಹೋಗಲಿ ಎಂದು ಅವ್ವ ತಾನೇ ಕಟ್ಟಿ ಸೇರಿಸಿದ್ದ ನುಡಿ ಅದು. ಹಾಡುಗಾರ ಗಳಗಳನೆ ಅತ್ತ.

ಚಳಿ ಕಳೆಯುವ ಹೊತ್ತಿಗೆ ಅವನ ಕಂಠ ತೆರೆಯಿತು. ಆದರೂ ಅವನು ಕೂಡಲೇ ಹಾಡಲಿಲ್ಲ. ಅಕ್ಕನ ಪದ ಮುಗಿಯಲಿ ಎಂದು ಕಾದ.

ಗುರು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತು. "ಎಂಥ ಕತೆ ಗುರುಗಳೇ! ನಾಳೆಯ ಪ್ರವಚನದಲ್ಲಿ ಇದನ್ನೇ ಹೇಳಿಬಿಡುತ್ತೇನೆ."

"ಹೇಳುವೆಯಂತೆ ಮಗು. ಕೇಳುವುದು ಯಾವಾಗ?" ಎಂದರು ಗುರು.

ಏಳಹೊರಟಿದ್ದ ಶಿಷ್ಯ ಮತ್ತೆ ಕೂತುಕೊಂಡ.