ಕೆರೆ ಅಂಗಳದ ಮಣ್ಣು

“ಮೇಷ್ಟ್ರೇ, ನನ್ನ ಬ್ಯಾಟರಿಯೊಳಗಿನ ಶಕ್ತಿ ಎಲ್ಲಿಗೆ ಹೋಯಿತು?” ಎಂದು ಮಧುಮತಿ ಕೇಳಿದಳು.

ಅವಳು ತಿಪ್ಪೇಸ್ವಾಮಿ ಮೇಷ್ಟ್ರ ಶಿಷ್ಯೆ. ಮೂರು ವರ್ಷದಿಂದ ಲಿಥಿಯಂ ಲೋಹದ ಬ್ಯಾಟರಿ ಮಾಡುತ್ತಿದ್ದಳು. ಬೇರೆಯವರ ಬ್ಯಾಟರಿಗಿಂತ ಅದು ಬಲು ಬೇಗ ಶಕ್ತಿ ಕೊಡುತ್ತಿತ್ತು. ಅವಳಿಗೆ ಅದೇ ಹೆಮ್ಮೆ. ಆದರೆ ನೂರು ಸಲ ಚಾರ್ಜ್ ಮಾಡಿ ಬಳಸುವಷ್ಟರಲ್ಲಿ ಅರ್ಧ ಶಕ್ತಿಯೂ ಉಳಿಯುತ್ತಿರಲಿಲ್ಲ. ಬಿಚ್ಚಿ ನೋಡಿದರೆ ಒಳಗೆ ಬೂದು ಬಣ್ಣದ ಚೂರುಗಳು. ಪರೀಕ್ಷಿಸಿದರೆ ಲಿಥಿಯಂ ಲೋಹದ ಬಹುಪಾಲು ಆ ಚೂರುಗಳಲ್ಲೇ ಇತ್ತು, ಆದರೆ ಕೆಲಸಕ್ಕೆ ಬರುತ್ತಿರಲಿಲ್ಲ.

“ಇನ್ನಷ್ಟು ಲಿಥಿಯಂ ತುಂಬಿಬಿಡಲೇ?” ಎಂದಳು.

“ತುಂಬುತ್ತಾಳಂತೆ, ತುಂಬುತ್ತಾಳೆ!” ಮೇಷ್ಟ್ರು ಗದರಿದರು. “ಕೂತ್ಕೋ ಇಲ್ಲಿ. ನಾನು ಕುಂಬಾರರ ಮನೆಯಲ್ಲಿ ಹುಟ್ಟಿದವನು. ನನಗೆ ಗೊತ್ತಿರುವುದು ಮಣ್ಣು. ಅದರ ಕತೆಯನ್ನೇ ಹೇಳುತ್ತೇನೆ, ಕೇಳು.” ಹೀಗೆಂದು ಶುರು ಮಾಡಿದರು.

ಒಂದೂರಿನಲ್ಲಿ ಒಬ್ಬ ಕುಂಬಾರನಿದ್ದ. ಕೈ ಅಂದರೆ ಅವನ ಕೈ. ಊರಿನಲ್ಲಿ ಯಾರ ಮದುವೆಯಾದರೂ ಶಾಸ್ತ್ರಕ್ಕೆ ಇಡುವ ಐರಾಣಿ ಮಡಕೆ ಅವನ ಮನೆಯಿಂದಲೇ ಹೊರಡಬೇಕು. ಮದುವೆಮನೆಯವರು ವಾಲಗದ ಸಮೇತ ಅವನ ಬಾಗಿಲಿಗೆ ಬಂದು, ಚಿತ್ತಾರ ಬರೆದ ಆ ಮಡಕೆಗಳನ್ನು ಹೊತ್ತುಕೊಂಡು ಹೋಗುತ್ತಿದ್ದರು. ಆಗ ಕುಂಬಾರ ಬಾಗಿಲಲ್ಲಿ ನಿಂತು ಮೀಸೆ ತಿರುವುತ್ತಿದ್ದ. ತಿರುವಲಿ ಬಿಡು, ದುಡಿದವನ ಮೀಸೆ.

ಮಣ್ಣು ಊರ ಕೆರೆಯದು. ಮಳೆಗಾಲದಲ್ಲಿ ನೀರು ಹೂಳು ತಂದು ಹಾಕುತ್ತಿತ್ತು. ಬೇಸಿಗೆಯಲ್ಲಿ ಇವನು ಅಗೆದು ತರುತ್ತಿದ್ದ. ಚಾರ್ಜ್ ಆಗುವಾಗ ನಿನ್ನ ಬ್ಯಾಟರಿಯೊಳಗಿನ ತಾಮ್ರದ ತಗಡಿನ ಮೇಲೆ ಲಿಥಿಯಂ ಬಂದು ಕೂರುತ್ತದಲ್ಲ, ಬಳಸುವಾಗ ಕರಗಿ ಹೊರಡುತ್ತದಲ್ಲ, ಹಾಗೆಯೇ ಅನ್ನು.

ಪಕ್ಕದೂರಿನ ಕೆರೆಯಲ್ಲಿ ಒಬ್ಬ ಕುಂಬಾರಗಿತ್ತಿ ಮಣ್ಣು ತೆಗೆಯುತ್ತಿದ್ದಳು. ಇಡೀ ಕೆರೆ ಅಂಗಳದಿಂದ ತೆಳ್ಳಗೆ ಒಂದು ಪದರ ತೆಗೆಯುವಳು. ನೆಲ ಸಮ ಮಾಡದೆ ಮೇಲೆ ಹತ್ತುವವಳಲ್ಲ. ಕುಂಬಾರ ಆ ದಾರಿಯಲ್ಲಿ ಹೋಗುವಾಗಲೆಲ್ಲ ಗಾಡಿ ನಿಲ್ಲಿಸಿ ರೇಗಿಸುತ್ತಿದ್ದ.

“ಏನಕ್ಕಾ, ಕೆರೆ ಸಾರಿಸುತ್ತಿದ್ದೀಯಾ? ಹಾಗೇ ಒಂದು ರಂಗೋಲಿಯನ್ನೂ ಹಾಕಿಬಿಡು!”

ಅವಳದು ಒಂದು ಗಾಡಿ ತುಂಬುವಷ್ಟರಲ್ಲಿ ಇವನದು ಮೂರು ಗಾಡಿ ತುಂಬುತ್ತಿತ್ತು. ಹೇಗೆ ಅಂತೀಯಾ? ಮಣ್ಣು ಎಲ್ಲಿ ಮೆತ್ತಗಿದೆಯೋ ಅಲ್ಲಿಗೇ ಗುದ್ದಲಿ. ಮೆತ್ತಗಿರುವುದು ದಂಡೆಯ ಕಡೆಗೆ, ಹೂಳು ದಂಡೆಗೆ ಅಂಟಿರುವ ಬುಡದಲ್ಲಿ. ಅದನ್ನೆಲ್ಲ ಕೊರೆದು ತೆಗೆದ. ಕೆರೆಯ ನಡುವಿನ, ಗಟ್ಟಿಯಾದರೂ ನುಣುಪಾದ ಮಣ್ಣು ದಿಬ್ಬದ ಹಾಗೆ ನಿಂತುಬಿಟ್ಟಿತು. ಕೊರೆದ ಗುಂಡಿಗಳಲ್ಲಿ ಒರತೆ ನಿಂತು ಕೆಸರಾಯಿತು. ಮರುವರ್ಷ ಹೊಸ ಹೂಳು ಬಂತು. ಅದನ್ನೂ ಬುಡದಿಂದಲೇ ತೆಗೆದ. ಇನ್ನೆರಡು ದಿಬ್ಬ ದಂಡೆಯಿಂದ ಬೇರೆಯಾದವು.

ವರ್ಷ ವರ್ಷಕ್ಕೂ ಅವನ ಮನೆಗೆ ಬರುವ ಮಣ್ಣಿನ ಗಾಡಿ ಕಡಿಮೆಯಾಯಿತು. “ಮಳೆ ಮಣ್ಣನ್ನೇ ತಂದಿಲ್ಲ” ಎಂದು ಮಳೆಯನ್ನು ಬೈದ. ಮಳೆ ಏನು ಮಾಡೀತು, ಪಾಪ!

ಅಷ್ಟರಲ್ಲಿ ಅವನ ಒಬ್ಬಳೇ ಮಗಳಿಗೆ ಮದುವೆ ಕೂಡಿತು. ಊರ ಮಕ್ಕಳಿಗೆಲ್ಲ ಐರಾಣಿ ಮಾಡಿಕೊಟ್ಟವನು, ತನ್ನ ಮಗಳಿಗೆ ಎಂಥದ್ದು ಮಾಡಬೇಡ! ಹಿಗ್ಗಿ ಹೀರೇಕಾಯಾಗಿ, ಮಗಳನ್ನೂ ಕರೆದುಕೊಂಡು ಕೆರೆಗೆ ಹೋದ. ಐರಾಣಿಗೆ ನುಣುಪು ಮಣ್ಣೇ ಆಗಬೇಕು. ದಂಡೆಯಲ್ಲಿ ಸಿಕ್ಕಿದ್ದು ಬರೀ ಮರಳು. ನುಣುಪು ಮಣ್ಣು ನಡುವಿನ ದಿಬ್ಬಗಳಲ್ಲಿತ್ತು, ಹತ್ತು ಮದುವೆಗೆ ಆಗುವಷ್ಟು. ಕೆಸರಿಗೆ ಇಳಿದ. ನಾಲ್ಕು ಹೆಜ್ಜೆಗೆ ಸೊಂಟದವರೆಗೆ ಹೂತುಹೋದ. ಮಗಳು ಗಾಡಿಯ ಹಗ್ಗ ಎಸೆದು ಎಳೆದುಕೊಂಡಳು.

“ಮಡಕೆ ಹಾಳಾಗಿ ಹೋಗಲಿ, ಮನೆಗೆ ನಡಿ ಅಪ್ಪಾ” ಎಂದು ಅತ್ತಳು.

ಮದುವೆಯ ಹೊತ್ತಿಗೆ ವಾಲಗ ಅವನ ಬಾಗಿಲಲ್ಲಿ ನಿಲ್ಲದೆ ಪಕ್ಕದೂರಿನ ಕುಂಬಾರಗಿತ್ತಿಯ ಮನೆಗೆ ಹೋಯಿತು, ಹಿಂದೆಯೇ ಇವನೂ ಹೋದ. ಕುಂಬಾರಗಿತ್ತಿ ಒಂದು ಕೊಂಕು ಮಾತೂ ಆಡಲಿಲ್ಲ. ತನ್ನ ಕೈಯಾರೆ ಚಿತ್ತಾರ ಬರೆದ ಮಡಕೆಗಳನ್ನು ಅವನ ಕೈಗಿಟ್ಟು, ತಲೆಯೆತ್ತಿ ನಿಂತಳು. “ನಿನ್ನ ಕೆರೆ ನನ್ನದಕ್ಕಿಂತ ದೊಡ್ಡದು ತಮ್ಮಾ. ನಾನು ಎಲ್ಲ ಕಡೆ ಒಂದೇ ಸಮ ತೆಗೆಯುತ್ತೇನೆ, ಅಷ್ಟೇ” ಎಂದಳು. ಅಷ್ಟು ದೊಡ್ಡ ಕುಂಬಾರ ನೆರೆದವರ ಎದುರಿಗೇ ಅತ್ತುಬಿಟ್ಟ.

ಮೇಷ್ಟ್ರು ಕತೆ ನಿಲ್ಲಿಸಿ ಮೇಜಿನ ಮೇಲಿನ ಬೂದು ಚೂರುಗಳನ್ನು ತೋರಿಸಿದರು. “ಬೇಗ ಬೇಗ ಶಕ್ತಿ ಎಳೆದದ್ದಕ್ಕೆ ನಿನ್ನ ಲಿಥಿಯಂ ಕೂಡ ಬುಡದಲ್ಲೇ ಮೊದಲು ಕರಗಿದೆ. ತಲೆ ತುಂಡಾಗಿ ಉಳಿದಿದೆ. ದಂಡೆಯಿಂದ ಬೇರೆಯಾದ ದಿಬ್ಬದ ಹಾಗೆ, ತಗಡಿಗೆ ತಾಗದ ಚೂರು ಇದ್ದರೂ ವಿದ್ಯುತ್ತು ಕೊಡುವುದಿಲ್ಲ.”

ಮಧುಮತಿ ಆ ಚೂರುಗಳನ್ನೇ ನೋಡಿದಳು. “ಪಾಪ, ಅಷ್ಟೊಂದು ಮಣ್ಣು ಕಳಕೊಂಡು ಅತ್ತನಲ್ಲ ಮೇಷ್ಟ್ರೇ” ಎಂದಳು.

“ಕಳಕೊಂಡ ಮಣ್ಣಿಗೆ ಕುಂಬಾರ ಅಳುವುದಿಲ್ಲ ತಾಯಿ, ಅದು ಕಣ್ಣೆದುರಿಗೇ ಇದ್ದೂ ಕೈಗೆ ಎಟುಕಲಿಲ್ಲವಲ್ಲ, ಅದಕ್ಕೆ ಅತ್ತ.”